ಮಾಟಗಾತಿಯ ಮೊಂಡು ಚಾಕು

ಆಗಸ್ಟ್ 6

ಮೂವತ್ತು ವರ್ಷ ಜಗಳವಾಡಿ ಪಳಗಿದ ನನ್ನ ಬಾಯಿಗೆ ಈಗ ಎದುರಾಳಿಯೇ ಇಲ್ಲ. ಅದಕ್ಕೇ ಈ ಪುಸ್ತಕ ಕೊಂಡು ತಂದೆ. ಇವರಿಗೆ ಹೇಳಬೇಕಾದ್ದನ್ನೆಲ್ಲ ಇದಕ್ಕೆ ಹೇಳುತ್ತೇನೆ. ಇದೂ ಇವರ ಹಾಗೆ ತುಟಿ ಪಿಟಕ್ಕೆನ್ನುವುದಿಲ್ಲ.

ಇವರಿಗೆ ಲಕ್ವ ಹೊಡೆದು ತಿಂಗಳ ಮೇಲಾಯಿತು. ಕೆಳಗೆ ನಮ್ಮ ಕ್ಷೌರದಂಗಡಿಯಲ್ಲಿ ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದವರು ಬ್ರಷ್ ಹಿಡಿದುಕೊಂಡೇ ಕುಸಿದರು. ಬಲಗೈ ಹೋಯಿತು, ಮಾತು ಹೋಯಿತು. ಊರಿನ ಅರ್ಧ ಗಲ್ಲಗಳನ್ನು ನುಣುಪು ಮಾಡಿದ ಕೈ ಈಗ ಹಾಸಿಗೆಯ ಮೇಲೆ ಯಾರೋ ಮರೆತು ಬಿಟ್ಟ ಕೈಗವಸಿನ ಹಾಗೆ ಬಿದ್ದಿರುತ್ತದೆ. ಡಾಕ್ಟರು ಹೇಳುವುದು ಇಷ್ಟು: ನಾವು ಆಡುವುದೆಲ್ಲ ಅವರಿಗೆ ಅರ್ಥವಾಗುತ್ತದೆ. ಕೈಯಾಗಲಿ ಮಾತಾಗಲಿ, ಮರಳಿ ಬರುವುದರಲ್ಲಿ ಹೆಚ್ಚಿನದು ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. ವ್ಯಾಯಾಮ ಮಾಡಿಸಬೇಕು, ಅವರು ಮನಸ್ಸು ಮಾಡಬೇಕು.

ಆ ಮನಸ್ಸೇ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ತಲೆ ಆಡಿಸಿ ಹೂಂ ಅನ್ನಬಹುದು, ಅದೂ ಇಲ್ಲ. ಇಬ್ಬರು ಫಿಸಿಯೋಗಳು ಬಂದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡು ಹೋದರು. ನಾಡಿದ್ದು ಮೂರನೆಯವಳು ಬರುತ್ತಾಳೆ.

ನಾನಂತೂ ಯಾವುದಕ್ಕೂ ಕಡಿಮೆ ಮಾಡಿಲ್ಲ. ಲಾಂಡ್ರಿ ಕೆಲಸಕ್ಕೆ ಹೋಗುವ ಮೊದಲೇ ಎಬ್ಬಿಸಿ, ಮೈ ಒರೆಸಿ, ಓಟ್ಸ್ ಗಂಜಿ ತಿನ್ನಿಸಿ, ಗಡ್ಡ ಕೆರೆದು, ಕಿಟಕಿ ಕಡೆ ಹೊರಳಿಸಿ ಹೋಗುತ್ತೇನೆ. ಇಸ್ತ್ರಿ ಮೇಜಿನ ಮುಂದೆ ನಿಂತರೂ ಜೀವ ಇಲ್ಲೇ. ವಾಪಸ್ ಬಂದು ನೋಡಿದರೆ ಮತ್ತೆ ಗೋಡೆ ಕಡೆ ಮುಖ.

ಆಗಸ್ಟ್ 8

ಹೊಸ ಹುಡುಗಿ ಬಂದಳು. ಕುಳ್ಳಗೆ, ಬೈತಲೆಯಿಲ್ಲದ ಗಿಡ್ಡ ಕೂದಲು, ಕೊರಳಲ್ಲಿ ಬಳೆಯೊಳಗೆ ಕೂರಿಸಿದ ಹಾಗಿರುವ ಐದು ಮೂಲೆಯ ಬೆಳ್ಳಿ ನಕ್ಷತ್ರ. ಇವರ ಪಕ್ಕ ಕೂತು, "ಯಜಮಾನ್ರೇ, ನಿಮ್ಮ ಬಲಗೈ ಮುಟ್ಲಾ?" ಅಂದಳು.

ಇವರು ಗೋಡೆ ನೋಡುತ್ತಿದ್ದರು. ಅವಳು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದಳು, ಮತ್ತೆ ಕೂತಳು. ಬಂದ ಹೊತ್ತೆಲ್ಲ ಇದೇ ಆಯಿತು. ಕೈ ಮುಟ್ಟಲೇ ಇಲ್ಲ!

ಬಾಗಿಲಲ್ಲಿ ತಡೆದು ಕೇಳಿದೆ, "ಏನಮ್ಮ, ನೀನು ಬಂದದ್ದು ವ್ಯಾಯಾಮ ಮಾಡಿಸೋಕಾ, ಬಸ್ಸು ಕಾಯೋಕಾ?"

"ಅವರು ಹೂಂ ಅನ್ನಲಿಲ್ಲ ಅಮ್ಮ."

"ಅವರಿಗೆ ಮಾತೇ ಬರಲ್ಲ, ಹೂಂ ಹೇಗೆ ಅಂತಾರೆ? ಹಿಡಿದು ಎಳೆದು ಮಾಡಿಸು. ನಾನು ಹಾಗೇ ತಿನ್ನಿಸ್ತೀನಿ, ಹಾಗೇ ಸ್ನಾನ ಮಾಡಿಸ್ತೀನಿ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ನಾಡಿದ್ದು ಬರುತ್ತೇನೆ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಗಸ್ಟ್ 12

ಇವತ್ತು ಅತ್ತಿಗೆ ಬಂದಿದ್ದರು. ಇವರ ಅಕ್ಕ. ತಮ್ಮನ ಹಣೆ ಸವರಿ, ಅತ್ತು, ಕಾಫಿ ಕುಡಿದು, ಹೊರಡುವ ಹೊತ್ತಿಗೆ ಸರಿಯಾಗಿ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಅತ್ತಿಗೆಯ ಕಣ್ಣು ನೇರ ಆ ನಕ್ಷತ್ರದ ಮೇಲೆ. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಏನೇ, ಕಣ್ಣು ಕಾಣಲ್ವಾ ನಿಂಗೆ? ಅದು ಮಾಟಗಾತಿಯರ ಗುರುತು. ಸೈತಾನನ ಪೂಜೆ ಮಾಡೋರು ಅವರು. ಕೋಳಿ ಕುಯ್ದು ರಕ್ತ ಹಚ್ಕೋತಾರಂತೆ. ಮಾತು ಬಾರದ ಮನುಷ್ಯನ್ನ ಅವಳ ಕೈಗೆ ಒಪ್ಸಿದ್ದೀಯಲ್ಲ!"

ಹೆದರಿಕೆಯಾಯಿತು. ಆದರೆ ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಅತ್ತಿಗೆ ಹೋದ ಮೇಲೆ ಹುಡುಗಿಯ ಮುಂದೆ ನಿಂತು ಕೇಳಿಯೇಬಿಟ್ಟೆ, "ನೀನು ಮಾಟಗಾತಿನಾ?"

"ಕೆಲವರು ಹಾಗಂತಾರೆ. ನಮ್ಮಲ್ಲೂ ಕೆಲವರು ಹಾಗೇ ಹೇಳ್ಕೋತಾರೆ," ಅಂದಳು, ಬೇಜಾರೇನೂ ಇಲ್ಲದೆ. "ನಮ್ಮ ಧರ್ಮಕ್ಕೆ ವಿಕ್ಕಾ ಅಂತ ಹೆಸರು."

"ಹಳೇ ಕಾಲದ್ದಾ?"

"ಹಳೇ ಬೇರು ಅಂತೀವಿ. ಗಿಡ ಮಾತ್ರ ಹೊಸದು. ನಮ್ಮಜ್ಜಿಗಿಂತ ಚಿಕ್ಕದು."

ಸೊಂಟಕ್ಕೆ ಕೈಯಿಟ್ಟು ಒಂದೊಂದಾಗಿ ವಿಚಾರಣೆ ಮಾಡಿದೆ.

"ಪೊರಕೆ ಇದೆಯಾ?"

"ಇದೆ. ಪೂಜೆಗೆ ಮೊದಲು ಜಾಗ ಗುಡಿಸೋಕೆ. ಅದರ ಮೇಲೆ ಹಾರೋ ಹಾಗಿದ್ರೆ ಬಸ್ಸಲ್ಲಿ ಯಾಕೆ ನೇತಾಡ್ತಿದ್ದೆ?"

"ಕೋಳಿ?"

"ಬಲಿ ಗಿಲಿ ಏನಿಲ್ಲಮ್ಮ. ನಾನಂತೂ ಮೊಟ್ಟೇನೂ ತಿನ್ನಲ್ಲ."

"ಸೈತಾನ?"

"ಅವನು ನಮ್ಮಲ್ಲಿಲ್ಲ. ಅವನು ಬೇರೆಯವರ ಮನೆಯವನು." ಈ ಮಾತಿಗೆ ನನಗೆ ನಗು ಬಂತು, ತಡೆದುಕೊಂಡೆ. "ನಮಗೊಬ್ಬ ದೇವಿ, ಒಬ್ಬ ದೇವರು. ದೇವರಿಗೆ ಕೊಂಬಿದೆ, ಅವನು ಕಾಡಿನವನು. ಜಿಂಕೆಗೂ ಕೊಂಬಿದೆ, ಹಸುಗೂ ಇದೆ. ಕೊಂಬು ಕಂಡ ತಕ್ಷಣ ಜನ ಸೈತಾನ ಅಂದ್ಕೋತಾರೆ. ಈ ನಕ್ಷತ್ರದ್ದೂ ಅದೇ ಕತೆ. ಮಣ್ಣು, ಗಾಳಿ, ಬೆಂಕಿ, ನೀರು, ಐದನೇ ಮೂಲೆ ನಮ್ಮೊಳಗಿರೋ ಚೈತನ್ಯ. ಅಷ್ಟೇ."

ಮಣ್ಣು ಗಾಳಿ ಬೆಂಕಿ ನೀರು ನನಗೂ ಗೊತ್ತಿರುವವರೇ. ಅವಳ ಮುಖದಲ್ಲಿ ಮೋಸ ಕಾಣಲಿಲ್ಲ. ನೋಡೋಣ. ಮಾತಾಡುವಾಗ ಇವರು ಗೋಡೆಯ ಕಡೆಯೇ ಇದ್ದರು, ಆದರೆ ಬಸ್ಸಿನ ಮಾತಿಗೆ ಭುಜ ಸ್ವಲ್ಪ ಅಲ್ಲಾಡಿದ ಹಾಗಾಯಿತು. ಕೆಮ್ಮಿರಬೇಕು.

ಆಗಸ್ಟ್ 19

ಡಾಕ್ಟರ ಹತ್ತಿರ ಹೋಗಿ ಬಂದೆವು. ಕೈ ಎತ್ತಿ ಬಿಟ್ಟರು, ಅದು ದೊಪ್ಪನೆ ಬಿತ್ತು. "ಇವರು ಪ್ರಯತ್ನಾನೇ ಮಾಡ್ತಿಲ್ಲ. ಹೀಗೇ ಬಿಟ್ರೆ ಕೈ ಹೀಗೇ ಉಳಿದುಬಿಡುತ್ತೆ," ಅಂದರು. ಲಿಫ್ಟಿನಲ್ಲಿ ಅತ್ತೆ. ಇವರು ನೋಡಲಿಲ್ಲ. ನೋಡಿದರೋ ಏನೋ, ತಲೆ ತಗ್ಗಿತ್ತು.

ಆಗಸ್ಟ್ 20

ಲಾಂಡ್ರಿಯಲ್ಲಿ ಒಂದು ಅಂಗಿಯ ಕಾಲರು ಸುಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅದೇ ಹೊತ್ತಿಗೆ ತಲೆಗೆ ಹೊಳೆಯಿತು: ಮನೆಗೇ ಮಾಟಗಾತಿ ಬರುತ್ತಿರುವಾಗ ನಾನ್ಯಾಕೆ ತಲೆ ಮೇಲೆ ಕೈಹೊತ್ತು ಕೂತಿದ್ದೇನೆ?

ಮಧ್ಯಾಹ್ನ ಅವಳನ್ನು ಅಡುಗೆಮನೆಗೆ ಕರೆದೆ. "ನೋಡು, ಒಂದು ಮಂತ್ರ ಮಾಡು. ಇವರಿಗೆ ವ್ಯಾಯಾಮ ಮಾಡೋ ಮನಸ್ಸು ಬರ್ಬೇಕು. ಇವರಿಗೆ ಗೊತ್ತಾಗೋದೂ ಬೇಡ."

ಅವಳು ಲೋಟ ಕೆಳಗಿಟ್ಟಳು. "ಆಗಲ್ಲ ಅಮ್ಮ."

"ಯಾಕೆ, ನಿನಗೆ ಬರಲ್ವಾ?"

"ಒಬ್ಬರ ಮನಸ್ಸನ್ನ ನಾವು ತಿರುಗಿಸೋ ಹಾಗಿಲ್ಲ. ಯಾರಿಗೂ ಕೇಡು ಮಾಡ್ಬೇಡ, ಆಮೇಲೆ ನಿನಗೆ ತೋಚಿದ್ದು ಮಾಡು, ಇದೇ ನಮಗಿರೋ ದೊಡ್ಡ ಕಟ್ಟಳೆ. ಕೇಳದೆ ಮಾಡೋದೂ ಕೇಡೇ ಅಂತ ನಮ್ಮಲ್ಲಿ ಹೆಚ್ಚಿನವರು ನಂಬ್ತೀವಿ. ಮಾಡಿದ್ದು ಮೂರರಷ್ಟಾಗಿ ನಮಗೇ ಬರುತ್ತೆ ಅಂತಲೂ ಹೇಳ್ತಾರೆ."

"ಅಯ್ಯೋ, ನಾನು ಕೇಳ್ತಿರೋದು ಅವರ ಒಳ್ಳೇದಕ್ಕಲ್ವಾ?"

"ಕೇಳದೆ ಮಾಡೋರೆಲ್ಲ ಒಳ್ಳೇದಕ್ಕೇ ಅಂತಾರಲ್ವಾ ಅಮ್ಮ?"

ಸಿಟ್ಟು ನೆತ್ತಿಗೇರಿತು. ನನಗೇ ಹೇಳಿದಳೋ, ಲೋಕಕ್ಕೆ ಹೇಳಿದಳೋ. ಕೊನೆಗೆ ಅವಳೇ ಸ್ವಲ್ಪ ಇಳಿದಳು. ಇವರು ಒಪ್ಪಿದರೆ ಕೈಗೆ ಬಲ ಬರಲಿ ಅಂತ ಒಂದು ಸಣ್ಣ ಪೂಜೆ ಮಾಡುತ್ತಾಳಂತೆ. ವ್ಯಾಯಾಮದ ಬದಲಿಗಲ್ಲ, ವ್ಯಾಯಾಮದ ಜೊತೆಗೆ. ಆದರೆ ಮೊದಲು ಇವರನ್ನು ಕೇಳಬೇಕು.

ಕೇಳಲಿ. ಕಲ್ಲನ್ನೂ ಕೇಳಲಿ.

ಆಗಸ್ಟ್ 22

ಕೇಳಿದಳು.

ಚೀಲದಿಂದ ಒಂದೊಂದೇ ತೆಗೆದು ಸ್ಟೂಲಿನ ಮೇಲೆ ಇಟ್ಟಳು. ಮೇಣದಬತ್ತಿ, ಉಪ್ಪಿನ ಡಬ್ಬಿ, ನೀರಿನ ಬಟ್ಟಲು, ನದಿಯ ಕಲ್ಲು, ಕರೀ ಹಿಡಿಯ ಒಂದು ಚಾಕು. ಚಾಕು ಕಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಇವರಿಗೆ ನಿಧಾನವಾಗಿ ಹೇಳಿದಳು: ಮೊದಲು ಜಾಗ ಗುಡಿಸುತ್ತೇನೆ, ಹಾಸಿಗೆ ಸುತ್ತ ಈ ಚಾಕುವಿನಿಂದ ಗಾಳಿಯಲ್ಲಿ ಒಂದು ವೃತ್ತ ಬರೆಯುತ್ತೇನೆ, ನಾಲ್ಕು ದಿಕ್ಕುಗಳನ್ನು ಕರೆಯುತ್ತೇನೆ, ನಿಮ್ಮ ಕೈಗೆ ಬಲ ಕೊಡು ಅಂತ ದೇವಿಯನ್ನು ಕೇಳುತ್ತೇನೆ, ಮುಗಿದ ಮೇಲೆ ಎಲ್ಲರಿಗೂ ವಂದನೆ ಹೇಳಿ ವೃತ್ತ ಅಳಿಸುತ್ತೇನೆ.

"ಬೇಕಾ, ಬೇಡ್ವಾ? ನನ್ನ ಬೆರಳು ನಿಮ್ಮ ಎಡಗೈಲಿ ಇಟ್ಟಿರ್ತೀನಿ. ಬೇಕು ಅಂದ್ರೆ ಒಂದು ಸಲ ಒತ್ತಿ. ಬೇಡ ಅಂದ್ರೆ ಎರಡು ಸಲ. ಯಾವುದಾದ್ರೂ ಪರವಾಗಿಲ್ಲ."

ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅದು ಸ್ಟಾರ್ಟಾಗಿ ಹೊರಟೂಹೋಯಿತು. ಆಗ ಇವರು ಗೋಡೆಯಿಂದ ಮುಖ ಈಚೆಗೆ ತಿರುಗಿಸಿ ಅವಳನ್ನು ನೋಡಿದರು. ಒತ್ತಿದರು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೊಮ್ಮೆ ಒತ್ತಿದರು.

ಬೇಡವಂತೆ!

"ಸರಿ ಯಜಮಾನ್ರೇ," ಅಂದು ಅವಳು ಎಲ್ಲ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಒಂದು ಒತ್ತಾಯವಿಲ್ಲ, ಒಂದು ಬುದ್ಧಿಮಾತಿಲ್ಲ. ನಾನು ಮೆಟ್ಟಿಲವರೆಗೆ ಹಿಂದೆಯೇ ಹೋಗಿ ಜಗಳವಾಡಿದೆ. "ಎಂಥಾ ಮಾಟಗಾತೀನೇ ನೀನು! ಬೇಡ ಅಂದ್ರೆ ಎದ್ದು ಬರೋದಾ?"

ಅವಳ ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ನಗುತ್ತಿತ್ತು. "ಹೇಳಿದ್ರಲ್ಲಮ್ಮ," ಅಂದಳು.

ಏನು ಹೇಳಿದ್ದು? ಬೇಡ ಅಂದದ್ದೂ ಒಂದು ಹೇಳಿಕೆಯೇ? ಊಟ ಸೇರಲಿಲ್ಲ.

ಆಗಸ್ಟ್ 25

ಇವರಿಗೆ ಬೇಡ ಅನ್ನುವ ಭೂತ ಹೊಕ್ಕಿದೆ. ಆ ಹುಡುಗಿಯೇ ಹೊಗಿಸಿದ್ದು.

ಬೆಳಿಗ್ಗೆ ಗಂಜಿ ಬಾಯಿಗಿಟ್ಟೆ. ಎಡಗೈಯಿಂದ ನನ್ನ ಮೊಣಕೈಗೆ ಎರಡು ಸಲ ತಟ್ಟಿದರು. ಬಿಡದೆ ಇಟ್ಟೆ, ಉಗಿದರು. ಹೊಸದಾಗಿ ಇಸ್ತ್ರಿ ಮಾಡಿದ ನನ್ನ ಬಟ್ಟೆಯ ಮೇಲೆ! ಗಡ್ಡಕ್ಕೆ ನೊರೆ ತಂದೆ, ಮಂಚದ ಕಂಬಿಗೆ ಟಕ್ ಟಕ್. ಕಿಟಕಿ ಕಡೆ ಹೊರಳಿಸಲು ಹೋದೆ, ಟಕ್ ಟಕ್. ಎದುರು ಬೀದಿಯ ಕ್ಷೌರದವನು ಅಂಗಡಿಯ ಕುರ್ಚಿಗಳನ್ನು ತಾನು ಒಯ್ಯಲೇ ಅಂತ ಕೇಳಲು ಬಂದಿದ್ದ. ಸುಮ್ಮನೆ ಧೂಳು ತಿನ್ನುತ್ತಿವೆ, ತೆಗೆದುಕೊಂಡು ಹೋಗು ಅನ್ನುವುದರೊಳಗೆ ಒಳಗಿನಿಂದ ಕಂಬಿ ಮುರಿದುಹೋಗುವ ಹಾಗೆ ಟಕ್ ಟಕ್. ಅವನು ಹೆದರಿ ಮೆಟ್ಟಿಲಿಳಿದ.

ಮೂವತ್ತು ವರ್ಷದಲ್ಲಿ ಈ ಮನುಷ್ಯ ಇಷ್ಟು ಸಲ ನನಗೆ ಎದುರಾಡಿದ್ದಿಲ್ಲ.

ಆಗಸ್ಟ್ 28

ಉಗಿಸಿಕೊಂಡು ಒಗೆಯುವುದು ಯಾರಿಗೆ ಬೇಕು? ಅದಕ್ಕೆ ಈಗ ಮೊದಲೇ ಕೇಳಿಬಿಡುತ್ತೇನೆ. ಏನ್ರೀ, ಗಂಜಿಯೋ ರೊಟ್ಟಿಯೋ? ಈ ದಿಂಬೋ ಆ ದಿಂಬೋ? ಕೆಲಸ ಬೇಗ ಆಗುತ್ತದೆ, ಅಷ್ಟೇ. ರೊಟ್ಟಿಗೆ ಒಂದು ಸಲ ತಟ್ಟಿದರು. ಎರಡು ತಿಂದರು.

ಈ ಮನುಷ್ಯನಿಗೆ ಓಟ್ಸ್ ಸೇರುವುದಿಲ್ಲ ಅಂತ ನನಗೆ ಯಾರಾದರೂ ಹೇಳಬಾರದಿತ್ತೇ!

ಸೆಪ್ಟೆಂಬರ್ 1

ಹುಡುಗಿ ಎಂದಿನ ಹಾಗೆ "ಬಲಗೈ ಮುಟ್ಲಾ?" ಅಂದಳು. ಇವರು ಒಂದು ಸಲ ಒತ್ತಿದರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸಿದಳು. ಅಷ್ಟು ದಿನ ಕಾದವಳು ಕಾಲುಗಂಟೆಯಲ್ಲಿ ಮುಗಿಸಿದಳು, ಸಾಕಾ ಅಂತ ಕೇಳಿ.

ಸಂತೋಷವಾಯಿತು. ಸುಳ್ಳೇಕೆ, ಹೊಟ್ಟೆಯೂ ಉರಿಯಿತು. ಕಂಡವರ ಮನೆಯ ಹುಡುಗಿಗೆ ಹೂಂ, ಕಟ್ಟಿಕೊಂಡವಳಿಗೆ ಟಕ್ ಟಕ್.

ಸೆಪ್ಟೆಂಬರ್ 5

ಇವತ್ತು ಇವರು ನಕ್ಕರು! ಅರ್ಧ ಮುಖದಲ್ಲೇ ಆದರೂ ನಗು ನಗುವೇ.

ವ್ಯಾಯಾಮ ಮುಗಿದ ಮೇಲೆ ಇವರು ಎಡಗೈಯಿಂದ ಅವಳ ಚೀಲ ತೋರಿಸಿದರು. ಮೇಣದಬತ್ತಿಯಾ? ಟಕ್ ಟಕ್. ಕಲ್ಲಾ? ಟಕ್ ಟಕ್. ಚಾಕು? ಟಕ್. ಅವಳು ಚಾಕುವನ್ನು ಇವರ ಕೈಗೇ ಕೊಟ್ಟಳು. ಇವರು ಕ್ಷೌರಿಕರಿಗೇ ಇರುವ ಗತ್ತಿನಲ್ಲಿ ಹೆಬ್ಬೆರಳನ್ನು ಅಲಗಿನ ಅಡ್ಡಕ್ಕೆ ಆಡಿಸಿದರು. ಈ ಕಡೆ ಮೊಂಡು. ತಿರುಗಿಸಿ ಆಡಿಸಿದರು. ಆ ಕಡೆಯೂ ಮೊಂಡು. ಎರಡು ಬಾಯಿಯ ಚಾಕು, ಎರಡೂ ಬಾಯಿ ಬೊಚ್ಚು! ಗಂಟಲಿನಿಂದ ಗುರ್ ಅಂತ ಒಂದು ಸದ್ದು ಬಂತು, ಹೊಟ್ಟೆ ಕುಣಿಯಿತು. ಅದು ನಗು ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಗ್ಬೇಡಿ ಯಜಮಾನ್ರೇ, ಅದು ವೃತ್ತ ಬರೆಯೋಕೆ," ಅಂದಳು ಅವಳೂ ನಗುತ್ತ. ನನಗೆ ಹೇಳಿದಳು, ಅದು ಅವಳಿಗೆ ಈ ದಾರಿ ಕಲಿಸಿದ ಮುದುಕಿಯದ್ದಂತೆ. ಹೋದ ವರ್ಷ ಅವರು ತೀರಿಕೊಂಡರಂತೆ. "ನಮ್ಮ ಪೂಜೆ ಸಾಮಾನನ್ನ ಕೇಳದೆ ಯಾರೂ ಮುಟ್ಟೋ ಹಾಗಿಲ್ಲ. ಯಜಮಾನ್ರು ಕೇಳಿದ್ರಲ್ಲ, ಅದಕ್ಕೆ ಕೊಟ್ಟೆ."

ಹೊರಡುವಾಗ ಇವರು ಚಾಕು ಬಿಡಲಿಲ್ಲ. ಎದೆಗೆ ಒತ್ತಿಕೊಂಡು ಅವಳನ್ನೇ ನೋಡಿದರು. ಅವಳು ಯೋಚಿಸಿ, "ಇಟ್ಕೊಂಡಿರ್ಲಿ ಅಮ್ಮ. ಹಗಲೂ ರಾತ್ರಿಯೂ ಸಮ ಆಗೋ ದಿನ ನಮಗೆ ಹಬ್ಬ, ಆವತ್ತು ಬೇಕು. ಆಗ ತಗೊಂಡು ಹೋಗ್ತೀನಿ," ಅಂದಳು.

ಸೆಪ್ಟೆಂಬರ್ 8

ಇವರ ಮೂಕಾಭಿನಯ ಬಿಡಿಸುವಷ್ಟರಲ್ಲಿ ಸಾಕುಬೇಕಾಯಿತು. ಎಡಗೈ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾರೆ, ಕೆಳಗೆ ತೋರಿಸುತ್ತಾರೆ. ಗರಗಸವಾ? ಟಕ್ ಟಕ್. ಬಾಚಣಿಗೆಯಾ? ಟಕ್ ಟಕ್. ಕೊನೆಗೆ ಚಾಕು ಎತ್ತಿ ತೋರಿಸಿದಾಗ ಹೊಳೆಯಿತು. ಅಂಗಡಿಯ ಸಾಣೆಕಲ್ಲು ಬೇಕಂತೆ!

ಇವರು ಕುಸಿದ ದಿನದಿಂದ ನಾನು ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ಷಟರ್ ಎತ್ತಿದೆ. ಸೋಪು, ಪೌಡರು, ಒದ್ದೆ ಟವೆಲ್ಲು, ಇವರ ಅಂಗಿಯಲ್ಲಿ ಇಷ್ಟು ವರ್ಷ ನಾನು ಒಗೆದು ಒಗೆದು ತೆಗೆಯಲಾಗದ ವಾಸನೆಯೆಲ್ಲ ಅಲ್ಲೇ ಕೂತಿತ್ತು. ಕುಸಿದಾಗ ಬಿದ್ದ ಬ್ರಷ್ಷು ಇನ್ನೂ ಕುರ್ಚಿಯ ಕೆಳಗೇ ಇತ್ತು. ಎತ್ತಿ ತೊಳೆದು ಗೂಟಕ್ಕೆ ಹಾಕಿದೆ. ಕನ್ನಡಿಯಲ್ಲಿ ಅಳುತ್ತಿರುವ ಒಬ್ಬ ಹೆಂಗಸು ಕಂಡಳು, ಅವಳಿಗೆ ಮುಖ ತೊಳೆದುಕೋ ಅಂದೆ.

ಕಲ್ಲು, ಚರ್ಮದ ಪಟ್ಟಿ, ಎಣ್ಣೆ ಮೇಲೆ ತಂದೆ. ಇವರ ಉಪಾಯ ತಿಳಿಯಿತು. ನಮ್ಮ ಹತ್ತಿರ ಆ ಹುಡುಗಿಗೆ ಕೊಡಲು ಬೇರೇನಿದೆ? ಕ್ಷೌರಿಕನ ಕೈಗೆ ಮೊಂಡು ಚಾಕು ಬಂದು ಮೊಂಡಾಗಿಯೇ ವಾಪಸು ಹೋದರೆ ಮಾನ ಉಳಿಯುತ್ತದೆಯೇ? ನನಗೂ ಹುಮ್ಮಸ್ಸು ಬಂತು. ಹಬ್ಬದ ದಿನ ಅವಳು ಕಣ್ಣರಳಿಸಬೇಕು.

ಸೆಪ್ಟೆಂಬರ್ 10

ಕರಕರ ಕರಕರ. ಹಾಸಿಗೆಯ ಬಟ್ಟೆ ತುಂಬ ಎಣ್ಣೆ. ಮಡಿಲಲ್ಲಿ ಹಲಗೆ, ಹಲಗೆ ಮೇಲೆ ಕಲ್ಲು, ಕಲ್ಲು ಜಾರದಂತೆ ಅದರ ಮೇಲೆ ಬಲಗೈ, ಎಡಗೈಯಲ್ಲಿ ಚಾಕು. ಕಲ್ಲು ನಾನು ಹಿಡಿಯಲಾ ಅಂದರೆ ಟಕ್ ಟಕ್. ಆಯಿತು ಮಾರಾಯರೇ, ನಿಮ್ಮ ಕೆಲಸ ನಿಮಗೆ. ಹಾಸಿಗೆ ಬಟ್ಟೆಗೆ ಲಾಂಡ್ರಿ ಇದ್ದೇ ಇದೆ.

ಸೆಪ್ಟೆಂಬರ್ 13

ಕರಕರ. ಹಲಗೆ ಒರೆಸಿದೆ. ಹುಡುಗಿ ಬರುವ ಹೊತ್ತಿಗೆ ಎಲ್ಲ ಮಂಚದ ಕೆಳಗೆ ಬಚ್ಚಿಡುತ್ತೇವೆ. ಇಬ್ಬರೂ ಕಳ್ಳರ ಹಾಗೆ ಮುಖಮುಖ ನೋಡಿಕೊಳ್ಳುತ್ತೇವೆ. ಗೋಡೆಯ ಮೇಲೆ ಒಂದು ದೊಡ್ಡ ಎಣ್ಣೆ ಕಲೆಯಾಗಿತ್ತು, ಬಹಳ ದಿನ ಇವರ ತಲೆ ತಾಗಿದ್ದರಿಂದ. ಉಜ್ಜಿ ತೆಗೆದೆ.

ಸೆಪ್ಟೆಂಬರ್ 16

ಇವತ್ತಿನದನ್ನು ಹೇಗೆ ಬರೆಯಲಿ!

ಅತ್ತಿಗೆ ಹೇಳದೆ ಕೇಳದೆ ಬಂದರು. ಇವರ ಕೈಯಲ್ಲಿ ಕರೀ ಹಿಡಿಯ ಚಾಕು! ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ನಿಂತರು. "ಮುಗೀತು! ನನ್ನ ತಮ್ಮನ ಕೈಗೆ ಮಾಟದ ಕತ್ತಿ ಕೊಟ್ಟಿದ್ದಾಳೆ! ಆಸ್ಪತ್ರೆಯವನೊಬ್ಬನಿಗೆ ಹೇಳಿಟ್ಟಿದ್ದೀನಿ, ನಾಳೆಯಿಂದ ಅವನು ಬರ್ತಾನೆ. ಅವಳು ಈ ಮೆಟ್ಟಿಲು ಹತ್ತಬಾರದು. ಏನಂತೀಯ?"

ಏನಂತೀಯ ಅಂದದ್ದು ನನ್ನನ್ನು. ನನ್ನ ಬಾಯಿಯಲ್ಲಿ ಉತ್ತರ ರೆಡಿಯಿತ್ತು, ಖಾರವಾಗಿಯೇ ಇತ್ತು. ಆದರೆ ಅಭ್ಯಾಸಬಲ ನೋಡಿ, ಈಗೀಗ ರೊಟ್ಟಿಯಿಂದ ದಿಂಬಿನವರೆಗೆ ಕೇಳಿ ಕೇಳಿ, ನಾನು ಮಂಚದ ಕಡೆ ತಿರುಗಿ ಕೇಳಿಬಿಟ್ಟೆ, "ಏನ್ರೀ, ಆ ಹುಡುಗೀನ ಬಿಡಿಸಿಬಿಡೋಣ್ವಾ?"

ಟಕ್ ಟಕ್ ಬರಲಿಲ್ಲ. ಇವರ ಕೈ ಕಂಬಿಯ ತನಕ ಹೋಗಿ ನಿಂತಿತು. ಕುತ್ತಿಗೆಯ ನರ ಬಿಗಿಯಿತು, ತುಟಿ ಒಂದಕ್ಕೊಂದು ಅಂಟಿಕೊಂಡು, ಆಮೇಲೆ ಬಿಚ್ಚಿತು.

"ಬೇ...ಡ."

ದಪ್ಪಗೆ, ಒಡೆದು, ಬಾವಿಯಾಳದಿಂದ ಬಂದ ಹಾಗೆ. ಆದರೆ ಇವರದೇ ದನಿ! ಅತ್ತಿಗೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಇನ್ನೊಂದ್ಸಲ ಹೇಳೋ," ಅಂದರು. "ಬೇಡ," ಅಂದರು ಇವರು. "ಇನ್ನೊಂದ್ಸಲ ಬೈಯೋ ನನ್ನ," ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಪಕ್ಕದ ಮನೆಯವರೂ ಅತ್ತರು.

ಕೊನೆಗೆ ಅತ್ತಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, "ನನ್ನ ಮಂಡಿನೋವಿಗೂ ಅವಳ ಹತ್ರ ಏನಾದ್ರೂ ಇದೆಯಾ, ಕೇಳು," ಅಂದರು.

ಸೆಪ್ಟೆಂಬರ್ 22

ಇವತ್ತು ಅವರ ಹಬ್ಬ. ಬೆಳಕೂ ಕತ್ತಲೂ ತಕ್ಕಡಿಯಲ್ಲಿ ಸಮ ತೂಗುವ ದಿನವಂತೆ. ಹುಡುಗಿ ಚಾಕು ಒಯ್ಯಲು ಬಂದಳು. ಇವರು ಗಡ್ಡ ಮಾಡಿಸಿಕೊಂಡು, ನಾನು ಕೇಳಿದ ಮೇಲೆ ಒಪ್ಪಿ, ನೀಲಿ ಅಂಗಿ ಹಾಕಿಕೊಂಡು ಕೂತಿದ್ದರು. ಚಾಕುವನ್ನು ನನ್ನ ಒಳ್ಳೆಯ ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದೆವು. ಇವರು ಎಡಗೈಯಿಂದ ಕೊಟ್ಟರು.

ಅವಳು ಬಿಚ್ಚಿದಳು. ಅಲಗು ಕಿಟಕಿಯ ಬೆಳಕಿಗೆ ಪಳಕ್ ಅಂದಿತು. ಎರಡೂ ಬಾಯಿ ಕೂದಲು ಸೀಳುವಷ್ಟು ಹರಿತ. ನಾನು ಅವಳ ಮುಖ ನೋಡಲು ಕಾದಿದ್ದೆ.

ಮುಖ ಬಿಳಿಚಿಕೊಂಡಿತು.

ಅಲಗಿನ ಮೇಲೆ ಬೆರಳು ತರಲು ಹೋಗಿ ಹಿಂದೆ ತೆಗೆದಳು. ಆಮೇಲೆ ಅವಳ ಕಣ್ಣಿಂದ ನೀರು ಇಳಿಯಿತು, ಸಂತೋಷದ್ದಲ್ಲ.

"ಹರಿತ ಮಾಡಬಾರ್ದಿತ್ತಾ?" ಅಂದೆ.

"ಇದು ಏನನ್ನೂ ಕತ್ತರಿಸಬಾರದು ಅಮ್ಮ. ಕತ್ತರಿಸೋಕೆ ನಮ್ಮಲ್ಲಿ ಬೇರೆ ಚಾಕು ಇರುತ್ತೆ. ಇದರಿಂದ ನನಗೆ ಕಲಿಸಿದವರು ಜೀವನ ಪೂರ್ತಿ ಒಂದು ದಾರವನ್ನೂ ಕೊಯ್ದಿರಲಿಲ್ಲ." ಮೂಗು ಒರೆಸಿಕೊಂಡಳು. "ಇರ್ಲಿ. ನಿಮಗೆ ಗೊತ್ತಿರಲಿಲ್ಲ."

ಗೊತ್ತಿರಲಿಲ್ಲ ನಿಜ. ಅವಳನ್ನು ಕೇಳಬಹುದಿತ್ತು. ದಿನ ಬಿಟ್ಟು ದಿನ ಮನೆಗೇ ಬರುತ್ತಿದ್ದಳು, ಒಂದು ಮಾತು ಕೇಳಬಹುದಿತ್ತು. ನಾವು ಬಚ್ಚಿಟ್ಟುಕೊಂಡು ಒಳ್ಳೆಯದು ಮಾಡಿದೆವು.

ಇವರು ಅವಳನ್ನೂ ನನ್ನನ್ನೂ ನೋಡಿದರು. ಎಲ್ಲ ಅರ್ಥವಾಯಿತು ಇವರಿಗೆ. ಮುಖ ಕೆಂಪಾಯಿತು. ಇನ್ನೇನು ಮತ್ತೆ ಗೋಡೆಗೆ ತಿರುಗುತ್ತಾರೆ ಅಂತ ನನ್ನ ಜೀವ ಬಾಯಿಗೆ ಬಂತು. ದೇವರೇ, ಒಂದು ತಪ್ಪಿಗೆ ಎಲ್ಲ ಕಳೆದುಕೊಂಡೆವಾ? ಅಷ್ಟರಲ್ಲಿ ಇವರು ಎಡಗೈ ಅವಳ ಮುಂದೆ ಚಾಚಿದರು. ತುಟಿ ಹೋರಾಡಿತು.

"ಮೊಂ...ಡು," ಅಂದರು. ಉಸಿರೆಳೆದು ಮತ್ತೆ, "ಮಾಡ್ಲಾ?"

ಒಬ್ಬ ಕ್ಷೌರಿಕ ತಾನೇ ಮಸೆದ ಅಲಗನ್ನು ಮೊಂಡು ಮಾಡಲಾ ಅಂತ ಕೇಳುವುದೆಂದರೇನು ಅಂತ ನನಗೆ ಗೊತ್ತು. ಹುಡುಗಿಗೆ ಗೊತ್ತಿತ್ತೋ ಇಲ್ಲವೋ.

"ಮಾಡಿ," ಅಂದು ಚಾಕು ವಾಪಸು ಕೊಟ್ಟಳು. "ಇವತ್ತು ನಾನು ಬರೀ ಬೆರಳಿಂದ ವೃತ್ತ ಬರೀತೀನಿ. ಅದೂ ಆಗುತ್ತೆ." ಆಮೇಲೆ ತಟ್ಟನೆ ಏನೋ ನೆನಪಾದವಳ ಹಾಗೆ ನನ್ನ ಕಡೆ ತಿರುಗಿದಳು. "ಇಷ್ಟು ಸಮವಾಗಿ ಮಸೆದಿದ್ದಾರಲ್ಲ, ಕಲ್ಲು ಯಾರು ಹಿಡ್ಕೊಂಡಿದ್ರು? ನೀವಾ?"

"ನನ್ನ ಹಿಡಿಯೋಕೆ ಬಿಟ್ರೆ ತಾನೇ? ಇವರೇ ಹಿಡಿದದ್ದು, ಬಲಗೈಯಲ್ಲಿ."

ಅಂದೆ. ಅಂದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

ಮಂಚದ ಕೆಳಗಿನಿಂದ ಕಲ್ಲು ತೆಗೆದು ಹಲಗೆಯ ಮೇಲೆ ಇಟ್ಟೆ. ಇವರು ಎಡಗೈಯಿಂದ ಬಲಗೈ ಎತ್ತಿ ಕಲ್ಲಿನ ಮೇಲೆ ಇಟ್ಟುಕೊಂಡರು. ಹುಡುಗಿ ಬಗ್ಗಿ, "ಎಳೀಲಾ?" ಅಂದಳು. ಇವರು ತಲೆಯಾಡಿಸಿದರು. ಅವಳು ಕಲ್ಲನ್ನು ತನ್ನ ಕಡೆ ಎಳೆದಳು. ಬೆರಳುಗಳು ಮಡಿಸಿಕೊಂಡು ಬಿಗಿದವು. ಕಲ್ಲು ಬರಲಿಲ್ಲ.

ಸೆಪ್ಟೆಂಬರ್ 23

ನಿನ್ನೆ ಇನ್ನೂ ಬರೆಯುವುದಿತ್ತು, ಆಗಲಿಲ್ಲ. ಆ ಕೈಯನ್ನು ದಿನಾ ನಾನೇ ತೊಳೆಯುತ್ತೇನೆ, ದಿನಾ ನೋಡುತ್ತೇನೆ, ಎಣ್ಣೆ ಕಲೆಯ ಲೆಕ್ಕವೆಲ್ಲ ಗೊತ್ತು, ಕೈ ಹಿಡಿದದ್ದು ಮಾತ್ರ ಗೊತ್ತಾಗಲಿಲ್ಲ. ನನ್ನಂಥ ದಡ್ಡಿ ಇದ್ದಾಳೆಯೇ?

ಪೂಜೆ ಈಗಲಾದರೂ ಬೇಕಾ ಅಂತ ನಾನೇ ಇವರನ್ನು ಕೇಳಿದೆ. "ಬೇಡ," ಅಂದರು. ಹುಡುಗಿ ಬರಬೇಕಾ ಅಂದೆ. "ಬರ್ಲಿ." ಇವರದು ಇವರಿಗೆ, ಅವಳದು ಅವಳಿಗೆ. ಹೇಳಿದಾಗ ಅವಳೂ ಸರಿ ಅಂದು ನಕ್ಕಳು.

ಅಕ್ಟೋಬರ್ 3

ಅಲಗನ್ನು ಕೆಡಿಸಲು ಕಲ್ಲಿಗೆ ನೇರ ಒತ್ತಿ ಒಂದೆರಡು ಸಲ ಎಳೆದರೆ ಸಾಕು. ಗೀರು ಬೀಳದಂತೆ, ಹೊಳಪು ಹೋಗದಂತೆ, ಆ ಮುದುಕಿ ಬಿಟ್ಟುಹೋದ ಹಾಗೆ ಅಂದವಾಗಿ ಮೊಂಡು ಮಾಡಲು ದಿನಗಟ್ಟಲೆ ಬೇಕು. ಇವರು ಅದನ್ನೇ ಮಾಡುತ್ತಿದ್ದಾರೆ. ಈಗ ಬಲಗೈ ತಾನಾಗಿಯೇ ಹಲಗೆಯ ಅಂಚಿನಿಂದ ಕಲ್ಲಿನ ತನಕ ತೆವಳಿಕೊಂಡು ಹೋಗುತ್ತದೆ, ಎಡಗೈ ಎತ್ತಿ ಇಡುವುದು ಬೇಡ. ಡಾಕ್ಟರು ಪುಸ್ತಕದಲ್ಲಿ ಏನೇನೋ ಬರೆದುಕೊಂಡರು. ಬಹಳ ದೂರ ಇದೆ, ಆದರೆ ದಾರಿ ಸಿಕ್ಕಿದೆ ಅಂದರು.

ಅತ್ತಿಗೆಯ ಮಂಡಿಯನ್ನೂ ಹುಡುಗಿ ನೋಡಿದಳು. ಮಂತ್ರ ಬೇಕಾ ವ್ಯಾಯಾಮ ಬೇಕಾ ಅಂತ ಕೇಳಿದ್ದಕ್ಕೆ ಅತ್ತಿಗೆ, "ಯಾವುದು ನೋಯಲ್ವೋ ಅದು," ಅಂದರಂತೆ.

ಅಕ್ಟೋಬರ್ 9

ಲಾಂಡ್ರಿಯಿಂದ ಬಂದು ಇವರ ಪಕ್ಕ ಕೂತೆ. ನನಗೆ ಕೆಲಸವೇನೂ ಇರಲಿಲ್ಲ. ಹಿಡಿಯಲು ಕಲ್ಲಿಲ್ಲ, ತಿನ್ನಿಸಲು ಗಂಜಿಯಿಲ್ಲ. ಕೈ ಮಡಿಲಲ್ಲಿಟ್ಟು ಸುಮ್ಮನೆ ಇವರ ಕೈ ನೋಡುತ್ತ ಕೂತೆ. ನನಗೆ ಬಹಳ ಸುಖವಾಯಿತು. ಇಷ್ಟು ಸುಖ ಮದುವೆಯಾದ ಹೊಸತರಲ್ಲೂ ಆಗಿತ್ತೋ ಇಲ್ಲವೋ.

ಸ್ವಲ್ಪ ಹೊತ್ತಿಗೆ ಇವರು ಉಜ್ಜುವುದು ನಿಲ್ಲಿಸಿದರು. ಅಲಗನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳು ಆಡಿಸಿ ನೋಡಿ, ನನ್ನ ಮುಂದೆ ಹಿಡಿದರು.

"ಸಾಕಾ?"

ನನ್ನನ್ನು ಕೇಳಿದರು! ಕತ್ತಿಯ ವಿಷಯದಲ್ಲಿ ಇವರು ಯಾರನ್ನೂ ಕೇಳಿದವರಲ್ಲ. ನಾನು ಬೆರಳಾಡಿಸಿದೆ. ಈ ಬಾಯಿ, ಆ ಬಾಯಿ. ಬೆಣ್ಣೆಯೂ ಕೊಯ್ಯದಷ್ಟು ಮೊಂಡಾಗಿತ್ತು, ಕನ್ನಡಿಯ ಹಾಗೆ ನುಣುಪಾಗಿತ್ತು. ಇದಕ್ಕಿಂತ ಮಾಡುವುದೇನೂ ಉಳಿದಿರಲಿಲ್ಲ. ಕಲ್ಲಿನ ಮೇಲೆ ಬಲಗೈ ಇನ್ನೂ ಬೆರಳು ಮಡಿಸಿ ಕಾದು ಕೂತಿತ್ತು.

"ಇನ್ನೊಂದು ಸ್ವಲ್ಪ," ಅಂದೆ.

ಇವರು ನನ್ನನ್ನೇ ನೋಡಿದರು. ಅಲಗಿನ ಹದ ಈ ಮನುಷ್ಯನಿಗೆ ನಾನು ಹೇಳಿಕೊಡಬೇಕೇ? ಅರ್ಧ ತುಟಿ ಮೇಲಕ್ಕೆ ಹೋಯಿತು. ಚಾಕುವನ್ನು ತಿರುಗಿ ಕಲ್ಲಿನ ಮೇಲಿಟ್ಟರು.